ಅಲೈಡ್ ಹೆಲ್ತ್ ಸೈನ್ಸ್ ಪದವಿ: ಕೋರ್ಸ್ ಆಯ್ಕೆಯಿಂದ ನೋಂದಣಿಯವರೆಗೆ, ಹಂತ ಹಂತವಾಗಿ

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಇದೇ ನಡೆಯುತ್ತದೆ. ಮೊದಲು ಕಾಲೇಜು ನೋಡುತ್ತಾರೆ. ಆಮೇಲೆ ಫೀಸು ಕೇಳುತ್ತಾರೆ. ಕೊನೆಗೆ ಅಲ್ಲಿ ಯಾವ ಕೋರ್ಸ್‌ನಲ್ಲಿ ಸೀಟು ಉಳಿದಿದೆಯೋ ಅದಕ್ಕೆ ಸೇರುತ್ತಾರೆ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ "ಈ ಕೆಲಸ ನನಗೆ ಆಗಲ್ಲ" ಅನಿಸುತ್ತದೆ. ಅಥವಾ ಮೊದಲ ವರ್ಷದ ವಿಷಯಗಳೇ ಬಾಕಿ ಉಳಿದು ಕೈಕಟ್ಟಿ ಹಾಕುತ್ತವೆ. ಇನ್ನು ಕೆಲವರಿಗೆ ಡಿಗ್ರಿ ಮುಗಿದ ಮೇಲೆ ಕಾಲೇಜಿನ ಮಾನ್ಯತೆಯಲ್ಲೇ ತಕರಾರು ಇರುವುದು ಗೊತ್ತಾಗುತ್ತದೆ.

ಹೆಚ್ಚಿನವರು ಎಡವುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಕ್ರಮ ತಪ್ಪಿ. ಮೊದಲು ಕೆಲಸ, ಆಮೇಲೆ ಕೋರ್ಸ್, ಆಮೇಲೆ ಮಾನ್ಯತೆ, ಆಮೇಲೆ ಆಸ್ಪತ್ರೆ, ಕಾಲೇಜಿನ ಹೆಸರು ಕೊನೆಗೆ. ಈ ಬರಹ ಅದೇ ಕ್ರಮದಲ್ಲಿದೆ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ, ಲ್ಯಾಬ್, ಸ್ಕ್ಯಾನಿಂಗ್, ಡಯಾಲಿಸಿಸ್ ಥರದ ಆಸ್ಪತ್ರೆಯ ತಾಂತ್ರಿಕ ಕೆಲಸ ಕಲಿಸುವ ಬಿ.ಎಸ್ಸಿ. ಅಲೈಡ್ ಹೆಲ್ತ್ ಸೈನ್ಸ್ ಕೋರ್ಸ್‌ಗಳ ಬಗ್ಗೆ: 3 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.

## ಹಂತ 1: ಕೆಲಸ ಎಂಥದ್ದು ಅಂತ ಕಣ್ಣಾರೆ ನೋಡಿ

ಕೋರ್ಸ್ ಹೆಸರುಗಳು ಒಂದೇ ಥರ ಕಾಣುತ್ತವೆ, ಕೆಲಸ ಮಾತ್ರ ಪೂರ್ತಿ ಬೇರೆ ಬೇರೆ.

ಲ್ಯಾಬ್ ಟೆಕ್ನಾಲಜಿ ಓದಿದವರಿಗೆ ರೋಗಿಗಿಂತ ರೋಗಿಯ ರಕ್ತ, ಮೂತ್ರ, ಕಫದ ಜೊತೆ ಒಡನಾಟ ಜಾಸ್ತಿ. ಸೂಕ್ಷ್ಮ ಕೆಲಸ, ಗಮನ ಬೇಕು, ಮಾತು ಕಡಿಮೆ. ಲ್ಯಾಬ್ ಇಲ್ಲದ ಊರೇ ಇಲ್ಲ, ಹಾಗಾಗಿ ಕೆಲಸ ಎಲ್ಲ ಕಡೆ ಸಿಗುತ್ತದೆ. ಆದರೆ ಓದಿದವರೂ ಜಾಸ್ತಿ ಇರುವುದರಿಂದ ಶುರುವಿನ ಸಂಬಳ ಸಾಧಾರಣ.

ಡಯಾಲಿಸಿಸ್ ಟೆಕ್ನಾಲಜಿ, ಅಂದರೆ ಮೂತ್ರಪಿಂಡ ಕೆಟ್ಟವರ ರಕ್ತವನ್ನು ಮೆಷಿನ್‌ನಲ್ಲಿ ಶುದ್ಧ ಮಾಡುವ ಕೆಲಸ, ಇದಕ್ಕೆ ತದ್ವಿರುದ್ಧ. ಒಬ್ಬ ರೋಗಿ ಸಾಮಾನ್ಯವಾಗಿ ವಾರಕ್ಕೆ 2-3 ಸಲ, ಪ್ರತಿ ಸಲ ಸುಮಾರು 4 ಗಂಟೆ ನಿಮ್ಮ ಮುಂದೆಯೇ ಇರುತ್ತಾರೆ, ಅದೂ ವರ್ಷಗಟ್ಟಲೆ. ಬಂದ ತಕ್ಷಣ ತೂಕ ನೋಡಬೇಕು, ಬಿಪಿ ನೋಡಬೇಕು, ಕೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು ರಕ್ತ ಹರಿಯುವ ಆ ಸಣ್ಣ ಕಂಪನ ಇದೆಯಾ ಅಂತ ನೋಡಬೇಕು. ಕಂಪನ ಇಲ್ಲ ಅಂದರೆ ಸೂಜಿ ಚುಚ್ಚುವ ಹಾಗಿಲ್ಲ, ಡಾಕ್ಟರಿಗೆ ಹೇಳಬೇಕು. ಮಧ್ಯದಲ್ಲಿ ಬಿಪಿ ಇಳಿದರೆ ಮೊದಲು ಗುರುತಿಸುವವರು ನೀವೇ. ರೋಗಿಗಳು ಮನೆಯವರಂತೆ ಆಗುತ್ತಾರೆ, ಕೆಲವರು ಒಂದು ದಿನ ಬರುವುದಿಲ್ಲ. ಇದನ್ನು ತಡೆದುಕೊಳ್ಳುವ ಮನಸ್ಸಿದ್ದರೆ ಇದು ಒಳ್ಳೆಯ ಕೋರ್ಸ್. ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕ ಬಂದಿರುವುದರಿಂದ ಊರ ಹತ್ತಿರವೇ ಕೆಲಸ ಸಿಗುವ ಅವಕಾಶ ಇದರಲ್ಲಿದೆ.

ಅನಸ್ತೇಶಿಯಾ (ಅರಿವಳಿಕೆ) ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ ಅಂದರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಮೆಷಿನ್ ಪರೀಕ್ಷೆ ಮಾಡುವುದು, ಗಂಟೆಗಟ್ಟಲೆ ನಿಲ್ಲುವುದು. ಇಮೇಜಿಂಗ್‌ನಲ್ಲಿ ಎಕ್ಸ್‌ರೇ, ಸಿಟಿ, ಎಂಆರ್‌ಐ. ರಾತ್ರಿ ಪಾಳಿ ತಪ್ಪಿದ್ದಲ್ಲ. ಕಾರ್ಡಿಯಾಕ್ ಕೇರ್‌ನಲ್ಲಿ ಇಸಿಜಿ, ಎಕೋ, ಸಣ್ಣ ನಳಿಕೆ ತೂರಿಸಿ ಹೃದಯದ ರಕ್ತನಾಳ ನೋಡುವ ಕ್ಯಾಥ್ ಲ್ಯಾಬ್. ರೆಸ್ಪಿರೇಟರಿ ಕೇರ್ ಅಂದರೆ ಐಸಿಯು ಮತ್ತು ವೆಂಟಿಲೇಟರ್. ಪರ್ಫ್ಯೂಷನ್ ಓದಿದವರು ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಯಂತ್ರ ನಡೆಸುತ್ತಾರೆ. ಅಂಥ ಶಸ್ತ್ರಚಿಕಿತ್ಸೆ ನಡೆಯುವುದು ದೊಡ್ಡ ಊರುಗಳಲ್ಲಿ, ಹಾಗಾಗಿ ಕೆಲಸವೂ ಅಲ್ಲೇ. ರೇಡಿಯೋಥೆರಪಿಗೂ ಇದೇ ಮಾತು, ಕ್ಯಾನ್ಸರ್ ಆಸ್ಪತ್ರೆ ಇದ್ದಲ್ಲಿ ಮಾತ್ರ. ಹಗಲು ಹೊತ್ತಿನ ಕೆಲಸ ಬೇಕು, ಮುಂದೆ ಸ್ವಂತ ಕ್ಲಿನಿಕ್ ಹಾಕಬೇಕು ಅನ್ನುವವರು ಆಪ್ಟೊಮೆಟ್ರಿ, ಅಂದರೆ ದೃಷ್ಟಿ ಪರೀಕ್ಷೆಯ ಕೋರ್ಸ್ ಕಡೆ ನೋಡಬಹುದು.

ಹಾಗಾದರೆ ಏನು ಮಾಡಬೇಕು? ಮನಸ್ಸಿಗೆ ಬಂದ ಎರಡು ಕೋರ್ಸ್ ಆರಿಸಿ. ಜಿಲ್ಲಾಸ್ಪತ್ರೆಯಲ್ಲೋ ಪರಿಚಯದ ಆಸ್ಪತ್ರೆಯಲ್ಲೋ ಅನುಮತಿ ಕೇಳಿ ಆ ವಿಭಾಗದಲ್ಲಿ ಅರ್ಧ ದಿನ ಕೂತು ನೋಡಿ. ರಕ್ತ ಕಂಡರೆ ತಲೆ ಸುತ್ತುತ್ತದೆಯಾ? ಅದು ಬಹಳ ಜನರಿಗೆ ರೂಢಿಯಾಗುತ್ತದೆ, ಭಯ ಬೇಡ. ಆದರೆ ರೋಗಿಯ ನರಳಾಟ ನೋಡಿದಾಗ ಸಿಟ್ಟು ಬರುತ್ತದೆ ಅಂದರೆ ಯೋಚನೆ ಮಾಡಿ.

## ಹಂತ 2: ದಾರಿ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಡಿಪ್ಲೊಮಾ ಬೇರೆ, ಪದವಿ ಬೇರೆ. ಡಿಪ್ಲೊಮಾ ನಡೆಸುವುದು ರಾಜ್ಯದ ಅರೆವೈದ್ಯಕೀಯ ಮಂಡಳಿ, ಪದವಿ ಕೊಡುವುದು ವಿಶ್ವವಿದ್ಯಾಲಯ. ಎಷ್ಟೋ ಕಾಲೇಜುಗಳಲ್ಲಿ ಎರಡೂ ಒಂದೇ ಕಟ್ಟಡದಲ್ಲಿ ನಡೆಯುತ್ತವೆ. ದಾಖಲಾತಿ ಫಾರ್ಮ್‌ನಲ್ಲಿ ಯಾವುದು ಬರೆದಿದೆ ಅಂತ ಓದದೆ ಸಹಿ ಹಾಕಬೇಡಿ. "ಡಿಪ್ಲೊಮಾ ಸೇರಿ, ಆಮೇಲೆ ಡಿಗ್ರಿಗೆ ಹಾಕ್ತೀವಿ" ಅಂದರೆ ನಂಬಿ ಕೂರಬೇಡಿ. ಡಿಪ್ಲೊಮಾ ಮುಗಿಸಿದವರಿಗೆ ನೇರ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ ನಿಜ, ಆದರೆ ಅದಕ್ಕೆ ತನ್ನದೇ ಷರತ್ತುಗಳಿವೆ. ಆ ನಿಯಮವನ್ನು ಕಾಗದದಲ್ಲಿ ತೋರಿಸಲಿ.

ಪದವಿಗೆ ಪ್ರವೇಶ ಮೂರು ಥರ. ಮೊದಲನೆಯದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ. ಎರಡನೆಯದು ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟು. ಮೂರನೆಯದು ತಮ್ಮದೇ ಪ್ರವೇಶ ನಡೆಸುವ ಸಂಸ್ಥೆಗಳು. ಬೆಂಗಳೂರಿನ ನಿಮ್ಹಾನ್ಸ್ ರೇಡಿಯೋಗ್ರಫಿ, ಅನಸ್ತೇಶಿಯಾ ಟೆಕ್ನಾಲಜಿಯಂಥ ಕೋರ್ಸ್‌ಗಳಿಗೆ ತಾನೇ ಅರ್ಜಿ ಕರೆಯುತ್ತದೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಬೇರೆಯದೇ ಲೆಕ್ಕ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಶ್ರವಣಕ್ಕೆ ಸಂಬಂಧಿಸಿದ ಪದವಿಗೆ ಪ್ರವೇಶ ಪರೀಕ್ಷೆ ನಡೆಸುತ್ತದೆ. ಆ ಕೋರ್ಸ್ ಭಾರತೀಯ ಪುನರ್ವಸತಿ ಪರಿಷತ್ತಿನ ಅಡಿ ಬರುತ್ತದೆ, ನಾನು ಕೊನೆಯ ಹಂತದಲ್ಲಿ ಹೇಳುವ ನೋಂದಣಿ ಅದಕ್ಕೆ ಅನ್ವಯಿಸುವುದಿಲ್ಲ. ಫಿಸಿಯೋಥೆರಪಿ ನಿಯಮಗಳೂ ಬದಲಾಗುತ್ತಿವೆ. ಹೋದ ವರ್ಷ ಅಕ್ಕ ಸೇರಿದ ರೀತಿ ಈ ವರ್ಷ ತಂಗಿಗೆ ಅನ್ವಯಿಸದೆ ಇರಬಹುದು. ಈ ವರ್ಷದ ಅಧಿಸೂಚನೆ ಮಾತ್ರ ನೋಡಿ.

## ಹಂತ 3: ಮಾನ್ಯತೆ ಪರೀಕ್ಷಿಸಿ, ಕೋರ್ಸ್‌ವಾರು ಮತ್ತು ವರ್ಷವಾರು

ಜನ ಅತಿ ಹೆಚ್ಚು ಮೋಸ ಹೋಗುವ ಹಂತ ಇದು. "ನಮ್ಮ ಕಾಲೇಜಿಗೆ ಅಫಿಲಿಯೇಷನ್ ಇದೆ" ಅನ್ನುವ ಮಾತು ಸುಳ್ಳಲ್ಲದಿರಬಹುದು. ಆದರೆ ಅದು ನರ್ಸಿಂಗ್‌ಗೆ ಇರುತ್ತದೆ, ನಿಮ್ಮ ಕೋರ್ಸ್‌ಗೆ ಇರುವುದಿಲ್ಲ. ಅಥವಾ ಹೋದ ವರ್ಷಕ್ಕಿತ್ತು, ಈ ವರ್ಷ ನವೀಕರಣ ಆಗಿರುವುದಿಲ್ಲ. ಅಥವಾ 20 ಸೀಟಿಗೆ ಅನುಮತಿ ಪಡೆದು 35 ಜನರನ್ನು ಸೇರಿಸಿಕೊಂಡಿರುತ್ತಾರೆ, ಪರೀಕ್ಷೆಯ ಹೊತ್ತಿಗೆ 15 ಜನ ಅತಂತ್ರ.

ಪರೀಕ್ಷಿಸುವ ಕ್ರಮ ಹೀಗಿರಲಿ:

1. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಂಯೋಜಿತ ಕಾಲೇಜುಗಳ ಪಟ್ಟಿ ತೆರೆಯಿರಿ. ಕಾಲೇಜಿನ ಹೆಸರು, ನಿಮ್ಮ ಕೋರ್ಸ್, ಈ ವರ್ಷ, ಸೀಟಿನ ಸಂಖ್ಯೆ, ನಾಲ್ಕೂ ತಾಳೆಯಾಗಬೇಕು.
2. ಕಾಲೇಜಿನಿಂದ ಈ ಸಾಲಿನ ಅನುಮತಿ ಪತ್ರದ ಪ್ರತಿ ಕೇಳಿ.
3. ಎರಡರಲ್ಲಿ ಒಂದು ಸಿಗದಿದ್ದರೂ ಮುಂಗಡ ಕೊಡಬೇಡಿ.

ಇನ್ನೊಂದು ಕಡೆಯಿಂದಲೂ ನೋಡಬೇಕು. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ಈ ವೃತ್ತಿಗಳನ್ನು 10 ಗುಂಪುಗಳಾಗಿ ಪಟ್ಟಿ ಮಾಡಿದೆ. ಅಲೈಡ್ ವೃತ್ತಿಪರ ಅನಿಸಿಕೊಳ್ಳಲು ಕನಿಷ್ಠ 2,000 ಗಂಟೆಯ, ಹೆಲ್ತ್‌ಕೇರ್ ವೃತ್ತಿಪರ ಅನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಓದು ಬೇಕು ಅಂತ ಅದು ಹೇಳುತ್ತದೆ. ಹಾಗಾಗಿ ಆರು ತಿಂಗಳ "ಪ್ಯಾರಾಮೆಡಿಕಲ್ ಸರ್ಟಿಫಿಕೇಟ್" ಹಿಡಿದು ಮುಂದೆ ಹೋಗುವುದು ಕಷ್ಟ. ಈ ಕಾಯ್ದೆಯಡಿ ಬರುವ ಕೋರ್ಸ್‌ಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನಡೆಸಬಾರದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ.

ಅಪಾಯದ ಲಕ್ಷಣಗಳು ಇವು. "ಕ್ಲಾಸಿಗೆ ಬರದಿದ್ದರೂ ಅಡ್ಜಸ್ಟ್ ಮಾಡ್ತೀವಿ" ಅನ್ನುವುದು. ಮೂಲ ಅಂಕಪಟ್ಟಿ ಇವತ್ತೇ ಕೊಡಿ ಅಂತ ಒತ್ತಾಯ. ರಸೀದಿ ಇಲ್ಲದೆ ಏಜೆಂಟ್ ಕೈಗೆ ಹಣ. ಯಾವ ವಿಶ್ವವಿದ್ಯಾಲಯ ಅಂತ ಕೇಳಿದರೆ ಮಾತು ಬದಲಿಸುವುದು. ಇವುಗಳಲ್ಲಿ ಒಂದು ಕಂಡರೂ ಎದ್ದು ಬನ್ನಿ. ಮೂಲ ದಾಖಲೆ ಒಮ್ಮೆ ಅವರ ಬೀರು ಸೇರಿತೋ, ಬಿಡಿಸಿಕೊಳ್ಳಲು ಅಪ್ಪ-ಅಮ್ಮ ಅಲೆಯಬೇಕಾಗುತ್ತದೆ.

## ಹಂತ 4: ಆಸ್ಪತ್ರೆ ನೋಡಿ, ಕಟ್ಟಡ ಅಲ್ಲ

ಈ ಪದವಿಯಲ್ಲಿ ಅರ್ಧ ಪಾಠ ಕಲಿಸುವುದು ರೋಗಿಗಳು. ಸ್ಮಾರ್ಟ್ ಬೋರ್ಡ್ ಇದ್ದು ರೋಗಿಗಳಿಲ್ಲದ ಕಾಲೇಜಿಗಿಂತ, ಬಣ್ಣ ಹೋದ ಗೋಡೆಯಿದ್ದು ಬೆಳಿಗ್ಗೆ ಹೊರರೋಗಿ ಸಾಲು ಗೇಟಿನವರೆಗೆ ಬರುವ ಕಾಲೇಜು ಎಷ್ಟೋ ಮೇಲು.

ವಾರದ ದಿನ, ಬೆಳಿಗ್ಗೆ 10ರ ಹೊತ್ತಿಗೆ ಹೋಗಿ. ಭಾನುವಾರ ಹೋದರೆ ಏನೂ ತಿಳಿಯುವುದಿಲ್ಲ. ಆಸ್ಪತ್ರೆ ಕಾಲೇಜಿನದೇನಾ, ಬೇರೆಯವರ ಜೊತೆ ಒಪ್ಪಂದವಾ? ಒಪ್ಪಂದ ಆದರೆ ಎಷ್ಟು ದೂರ, ಬಸ್ಸಿನ ಖರ್ಚು ಯಾರದ್ದು? ಡಯಾಲಿಸಿಸ್ ಆದರೆ ಎಷ್ಟು ಮೆಷಿನ್ ಓಡುತ್ತಿವೆ, ದಿನಕ್ಕೆ ಎಷ್ಟು ಪಾಳಿ? ಇಮೇಜಿಂಗ್ ಆದರೆ ಸಿಟಿ, ಎಂಆರ್‌ಐ ಅಲ್ಲೇ ಇದೆಯಾ, ವಿದ್ಯಾರ್ಥಿಗಳನ್ನು ಮೆಷಿನ್ ನಡೆಸುವ ಕನ್ಸೋಲ್ ಹತ್ತಿರ ಬಿಡುತ್ತಾರಾ? ಕಾರ್ಡಿಯಾಕ್ ಆದರೆ ಕ್ಯಾಥ್ ಲ್ಯಾಬ್ ನಡೆಯುತ್ತಿದೆಯಾ? ಇದನ್ನೆಲ್ಲ ಕಚೇರಿಯಲ್ಲಿ ಕೇಳಿ, ಆಮೇಲೆ ಕ್ಯಾಂಟೀನಿನಲ್ಲಿ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಎರಡು ಉತ್ತರ ಒಂದೇ ಆಗಿದ್ದರೆ ಒಳ್ಳೆಯದು.

## ಹಂತ 5: ದಾಖಲೆ ಮತ್ತು ಆಯ್ಕೆ ಪಟ್ಟಿ

ದಾಖಲೆಗಳನ್ನು ಪರೀಕ್ಷೆ ಮುಗಿದ ವಾರದಿಂದಲೇ ಜೋಡಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಕರ್ನಾಟಕದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ, ಆರ್‌ಡಿ ಸಂಖ್ಯೆಯಿರುವ ಜಾತಿ ಮತ್ತು ಆದಾಯ ಪತ್ರ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲು. ಈ ಪತ್ರಗಳಿಗೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕಾಗುತ್ತದೆ, ಕೊನೆಯ ದಿನ ಓಡಿದರೆ ಅವರು ಮೀಟಿಂಗ್‌ನಲ್ಲಿರುತ್ತಾರೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಕಲ್ಯಾಣ ಕರ್ನಾಟಕ ಮೀಸಲಿನ 371(ಜೆ) ಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದು ಇನಿಷಿಯಲ್ ಹಿಂದೆ ಮುಂದೆ ಆದರೂ ಸ್ಕಾಲರ್‌ಶಿಪ್ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ.

ಕೆಇಎ ಆಯ್ಕೆ ಪಟ್ಟಿಯಲ್ಲಿ ಒಂದೇ ಸೂತ್ರ: ನಿಜವಾಗಿ ಬೇಕಾದದ್ದು ಮೇಲೆ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದಿ, ನಿಮ್ಮ ರ‍್ಯಾಂಕ್‌ಗೆ ಮೊದಲು ಸಿಗುವುದನ್ನು ಕೊಡುತ್ತದೆ. "ಇದು ಸಿಗಲ್ಲ, ಸುಮ್ನೆ ಯಾಕೆ" ಅಂತ ಒಳ್ಳೆಯದನ್ನು ಕೆಳಗೆ ತಳ್ಳಿದರೆ ನಷ್ಟ ನಿಮಗೇ. ಸಿಕ್ಕರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಹಾಕಲೇಬೇಡಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿದರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ ಅನ್ನುವುದೂ ನೆನಪಿರಲಿ.

ಫೀಸು ಕೇಳುವಾಗ ಮೊದಲ ವರ್ಷದ್ದು ಮಾತ್ರ ಕೇಳಬೇಡಿ. ನಾಲ್ಕೂ ವರ್ಷದ್ದು, ಪರೀಕ್ಷಾ ಶುಲ್ಕ, ಯೂನಿಫಾರ್ಮ್, ಹಾಸ್ಟೆಲ್, ಇಂಟರ್ನ್‌ಶಿಪ್ ವರ್ಷಕ್ಕೂ ಫೀಸು ಇದೆಯಾ, ಎಲ್ಲವನ್ನೂ ಬರೆಸಿಕೊಳ್ಳಿ.

## ಹಂತ 6: ಮೊದಲ ವರ್ಷ, ಎಲ್ಲರೂ ಮುಗ್ಗರಿಸುವ ಜಾಗ

ಯಾವ ಕೋರ್ಸ್ ಸೇರಿದರೂ ಬುನಾದಿ ಒಂದೇ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಮುಖ್ಯ ವಿಷಯಗಳಲ್ಲಿ ಪಾಸಾಗಲು ಶೇಕಡಾ 50 ಬೇಕು. ಪಿಯುಸಿಯ ಪಾಸ್ ಅಂಕದ ಲೆಕ್ಕದಲ್ಲಿ ಓದಿದವರು ಇಲ್ಲಿ ಬಿದ್ದೇ ಬೀಳುತ್ತಾರೆ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ನಿಮಗೆ ತೊಂದರೆ ಕೊಡುವುದು ವಿಜ್ಞಾನ ಅಲ್ಲ, ಶಬ್ದಗಳು. ಅವಕ್ಕೊಂದು ಜೋಡಣೆಯ ಕ್ರಮ ಇದೆ. 'ನೆಫ್ರೋ' ಅಂದರೆ ಮೂತ್ರಪಿಂಡ, 'ಹೆಪಾಟೋ' ಅಂದರೆ ಪಿತ್ತಜನಕಾಂಗ. ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ಕತ್ತರಿಸಿ ತೆಗೆಯುವುದು. ಇಂಥ ನೂರು ತುಣುಕು ಕಲಿತರೆ ಸಾವಿರಾರು ಶಬ್ದ ತಾವಾಗಿ ಬಿಚ್ಚಿಕೊಳ್ಳುತ್ತವೆ. ಮೊದಲ ತಿಂಗಳು ಬೇರೆಲ್ಲ ಬಿಟ್ಟು ಇದನ್ನೇ ಮಾಡಿ. ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಉತ್ತರವನ್ನು ದಿನಕ್ಕೊಂದರಂತೆ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೊಳ್ಳಿ. ಓದುವುದು ಒಂದು, ಮೂರು ಗಂಟೆ ಕೂತು ಬರೆಯುವುದು ಇನ್ನೊಂದು.

ವಿಷಯವಾರು ಓದುವ ಬದಲು ಅಂಗವಾರು ಓದಿ. ಇವತ್ತು ಹೃದಯದ ರಚನೆ, ನಾಳೆ ಅದು ಕೆಲಸ ಮಾಡುವ ಬಗೆ, ನಾಡಿದ್ದು ಅದಕ್ಕೆ ಬರುವ ರೋಗ. ಚಿತ್ರ ಬಿಡಿಸದೆ ಅನಾಟಮಿ ನಿಲ್ಲುವುದಿಲ್ಲ. ಕೆಲವು ಸಂಖ್ಯೆಗಳು ನಿದ್ದೆಯಲ್ಲೂ ಬರಬೇಕು: ರಕ್ತದಲ್ಲಿ ಸಾಮಾನ್ಯವಾಗಿ ಇರಬೇಕಾದ ಸೋಡಿಯಂ 135-145, ಪೊಟ್ಯಾಶಿಯಂ 3.5-5.0 (ಎರಡೂ ಲೀಟರಿಗೆ ಮಿಲಿಮೋಲ್ ಲೆಕ್ಕ), ರಕ್ತದ ಪಿಎಚ್ 7.35-7.45. ಮುಂದೆ ಯಾವ ವಿಭಾಗಕ್ಕೆ ಹೋದರೂ ಇವು ಬೇಕು.

ಒಂದೇ ವಿಷಯ ಉಳಿದರೂ "ಆಮೇಲೆ ನೋಡಿಕೊಳ್ಳೋಣ" ಅನ್ನಬೇಡಿ. ಎರಡನೇ ವರ್ಷದಲ್ಲಿ ಆಸ್ಪತ್ರೆ ಪಾಳಿ ಶುರುವಾದ ಮೇಲೆ ಹಿಂದಿನದಕ್ಕೆ ಸಮಯವೇ ಸಿಗುವುದಿಲ್ಲ.

## ಹಂತ 7: ಆಸ್ಪತ್ರೆಗೆ ಕಾಲಿಡುವ ಮುಂಚೆ ನಿಮ್ಮ ಜೀವ ಕಾಪಾಡಿಕೊಳ್ಳಿ

ಇದನ್ನು ಎಷ್ಟೋ ಕಡೆ ಹೇಳಿಕೊಡುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಂದರೆ ಕಾಲೇಜು ಸೇರಿದ ತಿಂಗಳೇ ಶುರು ಮಾಡಬೇಕು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ, ರಿಪೋರ್ಟಿನಲ್ಲಿ 10 mIU/mL ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಬಳಸಿದ ಸೂಜಿ ಚುಚ್ಚಿಕೊಂಡರೆ ಆ ಜಾಗವನ್ನು ಸೋಪು, ನೀರಿನಿಂದ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗೆ ಹಾಕಬೇಡಿ. ತಕ್ಷಣ ಮೇಲಿನವರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಅದನ್ನು 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಗೊಳ್ಳಬೇಕು. ಬೈಯುತ್ತಾರೆ ಅಂತ ಮುಚ್ಚಿಡುವ ಮಕ್ಕಳಿದ್ದಾರೆ. ಬೈಗುಳ ಸಂಜೆಗೆ ಮುಗಿಯುತ್ತದೆ, ಸೋಂಕು ಹಾಗಲ್ಲ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬೇಡಿ, ನೇರ ಬಿಳಿ ಡಬ್ಬಕ್ಕೆ. ರಕ್ತ ಹತ್ತಿದ ಹತ್ತಿ ಹಳದಿಗೆ, ಕೈಗವಸು ಮತ್ತು ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ, ಗಾಜು ನೀಲಿಗೆ.

ಇಮೇಜಿಂಗ್, ರೇಡಿಯೋಥೆರಪಿ, ಕ್ಯಾಥ್ ಲ್ಯಾಬ್‌ಗೆ ಹೋಗುವವರು ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೇಳಿ ಪಡೆಯಿರಿ. ಅದನ್ನು ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್‌ನ ಒಳಗೆ ಹಾಕಬೇಕು. ರೋಗಿಯನ್ನು ಹಿಡಿದುಕೊಳ್ಳಲು ಪದೇ ಪದೇ ವಿದ್ಯಾರ್ಥಿಗಳನ್ನೇ ನಿಲ್ಲಿಸುತ್ತಿದ್ದರೆ ಅದು ತಪ್ಪು, ಹೇಳಿ.

## ಹಂತ 8: ಪಾಳಿ ಮತ್ತು ಇಂಟರ್ನ್‌ಶಿಪ್‌ನಲ್ಲಿ ಕೈಗೆ ಕೆಲಸ ಹತ್ತಿಸಿಕೊಳ್ಳಿ

ಸಣ್ಣ ಕೆಲಸದ ಹಿಂದಿನ ಕಾರಣ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಒಂದು ಉದಾಹರಣೆ ಕೊಡುತ್ತೇನೆ. ರಕ್ತ ತೆಗೆಯುವಾಗ ಟ್ಯೂಬುಗಳಿಗೆ ಕ್ರಮ ಇದೆ: ನೀಲಿ ಮುಚ್ಚಳ, ಆಮೇಲೆ ಕೆಂಪು, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನಲ್ಲಿ ಪೊಟ್ಯಾಶಿಯಂ ಇರುವ ಇಡಿಟಿಎ ಇದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಮೊದಲು ತುಂಬಿಸಿ, ಅದರ ಒಂದು ಹನಿ ಕೆಂಪು ಟ್ಯೂಬಿಗೆ ಹೋಯಿತು ಅಂದುಕೊಳ್ಳಿ. ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಡಾಕ್ಟರ್ ಅದನ್ನು ನಂಬಿ ಇಲ್ಲದ ತೊಂದರೆಗೆ ಔಷಧ ಕೊಡಬಹುದು. ಕ್ರಮವನ್ನು ಬಾಯಿಪಾಠ ಮಾಡಿದವರು ಗಡಿಬಿಡಿಯಲ್ಲಿ ಮರೆಯುತ್ತಾರೆ. ಕಾರಣ ಗೊತ್ತಿರುವವರು ಮರೆಯುವುದಿಲ್ಲ.

ಲಾಗ್ ಬುಕ್ (ಆಸ್ಪತ್ರೆಯಲ್ಲಿ ಮಾಡಿದ ಕೆಲಸದ ದಾಖಲೆ ಪುಸ್ತಕ) ಅವತ್ತವತ್ತೇ ಬರೆದು, ವಾರಕ್ಕೊಮ್ಮೆ ಸಹಿ ಮಾಡಿಸಿ. ನೋಡಿದ್ದು ಎಷ್ಟು, ಸಹಾಯ ಮಾಡಿದ್ದು ಎಷ್ಟು, ಸ್ವಂತ ಮಾಡಿದ್ದು ಎಷ್ಟು, ಬೇರೆ ಬೇರೆ ಬರೆಯಿರಿ. ರೋಗಿಯ ಹೆಸರು ಬೇಡ, ಫೋಟೋ ಅಂತೂ ಬೇಡವೇ ಬೇಡ.

ಇಂಟರ್ನ್‌ಶಿಪ್‌ನಲ್ಲಿ ತಿಂಗಳುಗಟ್ಟಲೆ ಬಿಲ್ಲಿಂಗ್ ಕೌಂಟರಿನಲ್ಲೋ ಫೈಲ್ ಹೊರುವುದರಲ್ಲೋ ನಿಲ್ಲಿಸಿದರೆ ನಿಮ್ಮ ವರ್ಷ ಹಾಳು. ಯಾವ ತಿಂಗಳು ಯಾವ ವಿಭಾಗ ಅಂತ ಶುರುವಿನಲ್ಲೇ ಬರವಣಿಗೆಯಲ್ಲಿ ಪಡೆಯಿರಿ. ಸ್ಟೈಪೆಂಡ್ ಎಲ್ಲ ಕಡೆ ಕೊಡುವುದಿಲ್ಲ, ಅದನ್ನೂ ಮೊದಲೇ ಕೇಳಿ. ಕೆಲವು ರಾತ್ರಿ ಪಾಳಿ ಕೇಳಿ ಹಾಕಿಸಿಕೊಳ್ಳಿ. ರಾತ್ರಿ ಜನ ಕಡಿಮೆ ಇರುತ್ತಾರೆ, ಹಿರಿಯರು ಕೈಹಿಡಿದು ಕಲಿಸುತ್ತಾರೆ. ಒಬ್ಬರನ್ನೇ ಬಿಟ್ಟು ಹೋದರೆ ಮಾತ್ರ ಒಪ್ಪಬೇಡಿ, ಅದು ರೋಗಿಗೂ ಅಪಾಯ.

## ಹಂತ 9: ಪದವಿ ಮುಗಿದ ಮೇಲೆ

2021ರ ಕಾಯ್ದೆ ಪ್ರಕಾರ ರಾಜ್ಯ ಪರಿಷತ್ತಿನ ರಿಜಿಸ್ಟರ್‌ನಲ್ಲಿ ಹೆಸರು ಸೇರಿಸಿಕೊಳ್ಳಬೇಕು. ಅಂಕಪಟ್ಟಿ, ಪದವಿ ಪತ್ರ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಮೂರರಲ್ಲೂ ಹೆಸರು ಮತ್ತು ಕೋರ್ಸ್ ಹೆಸರು ಅಕ್ಷರ ಬಿಡದೆ ಒಂದೇ ಇರಲಿ. ತಪ್ಪಿದ್ದರೆ ಕಾಲೇಜಿನಲ್ಲಿ ಇರುವಾಗಲೇ ತಿದ್ದಿಸಿ.

ಗಲ್ಫ್ ಕಡೆ ಹೋಗುವ ಆಸೆ ಕರಾವಳಿಯ ಮಕ್ಕಳಿಗೆ ಜಾಸ್ತಿ. ಅಲ್ಲಿ ದಾಖಲೆಗಳ ಮೂಲ ಪರಿಶೀಲನೆ, ಆಮೇಲೆ ಲೈಸೆನ್ಸ್ ಪರೀಕ್ಷೆ ಇರುತ್ತದೆ, ಕೆಲಸದ ಅನುಭವವನ್ನೂ ಕೇಳುತ್ತಾರೆ. ಬ್ರಿಟನ್‌ನಲ್ಲಿ ರೇಡಿಯೋಗ್ರಾಫರ್, ಬಯೋಮೆಡಿಕಲ್ ಸೈಂಟಿಸ್ಟ್‌ನಂಥ ಹುದ್ದೆಗಳಿಗೆ ಅಲ್ಲಿನ ವೃತ್ತಿ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿ ನೋಂದಣಿ ಬೇಕು. ಅವರು ನೀವು ಓದಿದ್ದರ ವಿವರ ಕೇಳುತ್ತಾರೆ. ಅದಕ್ಕಾಗಿ ನಿಮ್ಮ ಬ್ಯಾಚಿನ ಸಿಲಬಸ್, ಪ್ರತಿ ವಿಷಯದ ಗಂಟೆಗಳ ವಿವರ, ಲಾಗ್ ಬುಕ್ ಇವನ್ನು ಈಗಲೇ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಐದಾರು ವರ್ಷದ ಮೇಲೆ ಹುಡುಕಿದರೆ ಸಿಲಬಸ್ ಬದಲಾಗಿರುತ್ತದೆ, ಸಹಿ ಮಾಡಿದ ಮೇಷ್ಟ್ರು ಬೇರೆ ಕಾಲೇಜಿಗೆ ಹೋಗಿರುತ್ತಾರೆ. ಟ್ರಾನ್ಸ್‌ಕ್ರಿಪ್ಟ್‌ಗೆ (ಓದಿದ ವಿಷಯ, ಅಂಕಗಳ ಅಧಿಕೃತ ವಿವರ ಪತ್ರ) ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಒಂದೇ ಪ್ರತಿ ಕೇಳಬೇಡಿ, ಮುಚ್ಚಿ ಮೊಹರು ಮಾಡಿದ ಎರಡು ಮೂರು ಲಕೋಟೆ ಒಟ್ಟಿಗೇ ತೆಗೆದುಕೊಳ್ಳಿ.